ಅನಸೂಯಾ ಕಾದ ಚಿಟ್ಟೆ

ಹೊಸ ಮನೆಗೆ ಹೋದವರಿಗೆ ಸೋರುವ ನಲ್ಲಿಯೋ ಮುಚ್ಚದ ಬಾಗಿಲೋ ಕಾಟ ಕೊಡುತ್ತದೆ. ಐರ್ಲೆಂಡಿನ ಅತ್ಲೋನ್‌ನಲ್ಲಿ ಮನೆ ಕೊಂಡ ಅನಸೂಯಾಗೆ ಕಾಟ ಕೊಟ್ಟದ್ದು ತುರಚೆ ಗಿಡ. ಹಿತ್ತಲಿನ ಷೆಡ್ಡಿನ ಹಿಂದೆ, ಚೆನ್ನಾಗಿ ಬಿಸಿಲು ಬೀಳುವ ಮೂಲೆಯಲ್ಲಿ, ಅದು ಮೊಣಕಾಲುದ್ದ ಬೆಳೆದು ನಿಂತಿತ್ತು. ಇಲ್ಲಿಯವರು ಅದನ್ನು ನೆಟಲ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಮುಟ್ಟಿದರೆ ಚುರ್ರೆನ್ನುವುದರಲ್ಲಿ ನಮ್ಮೂರಿನದಕ್ಕೇನೂ ಕಡಿಮೆಯಿಲ್ಲ. ಇವತ್ತು ಕಿತ್ತರೆ ಹದಿನೈದು ದಿನಕ್ಕೆ ಮತ್ತೆ ಹಾಜರು. ಹಿತ್ತಲಿರುವ ಮನೆಯಲ್ಲಿ ನೀವಿದ್ದರೆ ಈ ತಾಪತ್ರಯ ನಿಮಗೂ ಗೊತ್ತಿರುತ್ತದೆ.

ಅನಸೂಯಾಳ ಗಂಡ ಭಾಸ್ಕರ ಮೈಸೂರಿನಲ್ಲಿ ಓದಿದ ಡಾಕ್ಟರು, ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಐರ್ಲೆಂಡಿಗೆ ಬಂದು ಹನ್ನೊಂದು ವರ್ಷ. ಆಸ್ಪತ್ರೆ ಬದಲಾದ ಹಾಗೆಲ್ಲ ಮನೆಯೂ ಬದಲಾಯಿತು. ಮೊದಲಿದ್ದ ಊರು ಕ್ಲಾಂಡಾಲ್ಕಿನ್‌ನ ಬಾಡಿಗೆ ಮನೆಯಲ್ಲಿ ಹಿತ್ತಲು ಅಂದರೆ ನಾಲ್ಕು ಕಾಂಕ್ರೀಟ್ ಚಪ್ಪಡಿ, ಒಂದು ಬಟ್ಟೆ ಒಣಹಾಕುವ ತಂತಿ. ಸ್ವಂತ ಮಣ್ಣು ಅಂತ ಸಿಕ್ಕಿದ್ದು ಎರಡು ವರ್ಷದ ಹಿಂದೆ, ಇಲ್ಲಿ. ಮನೆಯ ಬೀಗದ ಕೈ ಸಿಕ್ಕಿದ ದಿನ ಭಾಸ್ಕರ ಅಡುಗೆಮನೆ ನೋಡಿದ. ಅನಸೂಯಾ ನೇರ ಹಿತ್ತಲಿಗೆ ಹೋಗಿ ಮಣ್ಣು ಮುಟ್ಟಿ ನೋಡಿದಳು.

ಅವಳಿಗೊಂದು ಆಸೆಯಿತ್ತು. ಅವಳು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಕಾಂಪೌಂಡಿನ ಪಕ್ಕ ಎಕ್ಕದ ಗಿಡವೊಂದಿತ್ತು. ರಥಸಪ್ತಮಿಯ ಸ್ನಾನಕ್ಕೆ ಎಲ್ಲರ ಮನೆಗೂ ಅದರ ಎಲೆಯೇ ಹೋಗಬೇಕು. ಎಲೆ ಕೀಳುವಾಗ ಅಪ್ಪ ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದರು, ಹುಳು ಇದ್ದರೆ ಆ ಎಲೆ ಬಿಟ್ಟು ಬೇರೆ ಎಲೆ. ಹಳದಿ, ಕಪ್ಪು, ಬಿಳಿ ಪಟ್ಟೆಯ ಆ ಹುಳು ಒಂದು ದಿನ ಹಸಿರು ಗೂಡಾಗಿ ನೇತುಬಿತ್ತು. ಆಮೇಲೊಂದು ಬೆಳಿಗ್ಗೆ ಅಪ್ಪ ಅವಳನ್ನು ನಿದ್ದೆಗಣ್ಣಲ್ಲೇ ಎತ್ತಿಕೊಂಡು ಹೋಗಿ ತೋರಿಸಿದರು. ಗೂಡು ಸೀಳಿ, ಒದ್ದೆ ರೆಕ್ಕೆ ಬಿಡಿಸಿಕೊಂಡು ಕೇಸರಿ ಚಿಟ್ಟೆಯೊಂದು ಹೊರಗೆ ಬಂತು. ಆಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಹೋಗಿ ಎಷ್ಟೋ ಕಾಲವಾಗಿದೆ, ಆ ಬೆಳಿಗ್ಗೆ ಮಾತ್ರ ಅವಳಲ್ಲಿ ಹಾಗೇ ಇದೆ.

ಈಗ ಮಗಳು ಅದಿತಿಗೂ ಒಂಬತ್ತು. ಹುಟ್ಟಿದ್ದು ಈ ದೇಶದಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅತ್ಲೋನ್‌ನ ಇಂಗ್ಲಿಷಿನಲ್ಲಿ. ಅಮ್ಮ ಅರಸೀಕೆರೆಯ ಕಥೆ ಶುರು ಮಾಡಿದರೆ ಕೇಳುತ್ತಾಳೆ, ಅಷ್ಟರಲ್ಲಿ ಗೆಳತಿ ಬೆಲ್ ಒತ್ತಿದರೆ ಕಥೆ ಅಲ್ಲೇ ಬಿಟ್ಟು ಹಾಕಿಯಂಥ ಕಮೋಗಿ ಆಡಲು ಕೋಲು ಹಿಡಿದು ಓಡುತ್ತಾಳೆ. ಮಕ್ಕಳು ಓಡಬೇಕಾದ್ದೇ. ಆದರೂ ಅನಸೂಯಾಗೆ ಸಂಕಟ. ಇನ್ನೊಂದೆರಡು ವರ್ಷ ಕಳೆದರೆ ಈ ಹುಡುಗಿ ತನ್ನ ಜೊತೆ ಗಿಡದ ಹತ್ತಿರ ಕುಕ್ಕರಗಾಲಿನಲ್ಲಿ ಕೂರುವುದಿಲ್ಲ, ಅಷ್ಟರೊಳಗೆ ಆ ಒಂದು ಬೆಳಿಗ್ಗೆಯನ್ನು ಇವಳಿಗೂ ಕೊಟ್ಟುಬಿಡಬೇಕು ಅಂತ ಅವಳ ಜೀವ ಎಳೆಯುತ್ತಿತ್ತು.

ಹಾಗಾಗಿ ಅವಳು ಮಾಡಿದ್ದೇನು? ನಾವೆಲ್ಲ ಮಾಡುವುದನ್ನೇ. ಫೋನ್ ತೆಗೆದು ವಿಡಿಯೋ ನೋಡಿದಳು. ಅಮೆರಿಕದ ಹೆಂಗಸೊಬ್ಬಳು, ಮನೆಯಲ್ಲಿ ಮಿಲ್ಕ್‌ವೀಡ್ ಬೆಳೆಸಿ, ಮೊನಾರ್ಕ್ ಚಿಟ್ಟೆ ಉಳಿಸಿ ಅನ್ನುತ್ತಿದ್ದಳು. ಚಿಟ್ಟೆ ನೋಡಿದರೆ ಥೇಟ್ ಅರಸೀಕೆರೆಯದೇ, ಕೇಸರಿ ಮೈ, ಕಪ್ಪು ಅಂಚು. ಗಿಡವೂ ಎಕ್ಕದ ಸಂಬಂಧಿಯೇ, ಮುರಿದರೆ ಹಾಲು. ಅನಸೂಯಾ ಕುಣಿದಾಡಿದಳು. ಆನ್‌ಲೈನಿನಲ್ಲಿ ಬೀಜ ತರಿಸಿ, ಆರು ಕುಂಡದಲ್ಲಿ ಹಾಕಿ, ಷೆಡ್ಡಿನ ಹಿಂದಿನ ಬಿಸಿಲು ಮೂಲೆಯಲ್ಲೇ ಸಾಲಾಗಿ ಇಟ್ಟಳು. ಅದಿತಿಗೆ ಮಾತು ಕೊಟ್ಟಳು, ಈ ಬೇಸಿಗೆಯಲ್ಲಿ ಚಿಟ್ಟೆ ಹುಟ್ಟುವುದನ್ನು ತೋರಿಸುತ್ತೇನೆ ಅಂತ.

ಮೊದಲ ಬೇಸಿಗೆ ಚಿಟ್ಟೆ ಬರಲಿಲ್ಲ. ಗಿಡ ಚಿಕ್ಕದು ಅಂದುಕೊಂಡಳು. ಎರಡನೆಯ ಬೇಸಿಗೆ ಗಿಡ ಸೊಂಪಾಗಿ ಬೆಳೆಯಿತು. ಅನಸೂಯಾ ಫಾರ್ಮಸಿಯ ಅರ್ಧ ದಿನದ ಕೆಲಸ ಮುಗಿಸಿ ಬಂದವಳೇ ಬ್ಯಾಗು ಕೂಡ ಇಳಿಸದೆ ಹಿತ್ತಲಿಗೆ ಹೋಗಿ ಎಲೆ ತಿರುಗಿಸಿ ನೋಡುತ್ತಿದ್ದಳು. ಒಂದು ಮೊಟ್ಟೆಯಿಲ್ಲ, ಒಂದು ಹುಳುವಿಲ್ಲ. ಅದಿತಿ ಕೇಳುವುದನ್ನೇ ಬಿಟ್ಟಳು. ಅವಳು ಕೇಳುತ್ತಿದ್ದಾಗ ಆಗುತ್ತಿದ್ದ ಬೇಜಾರಿಗಿಂತ ಕೇಳದೆ ಇದ್ದದ್ದೇ ಹೆಚ್ಚು ನೋಯಿಸಿತು.

ಅದೇ ಬೇಸಿಗೆ, ಜೂನ್ ಮೊದಲ ವಾರ ಇನ್ನೊಂದು ಸಂಗತಿ ನಡೆಯಿತು. ಕುಂಡಗಳ ಹಿಂದಿನ ತುರಚೆ ಗಿಡದ ತುದಿಗಳಿಗೆ ಜೇಡರಬಲೆಯಂಥದ್ದು ಕಟ್ಟಿತ್ತು. ಬಗ್ಗಿ ನೋಡಿದರೆ ಬಲೆಯೊಳಗೆ ಮುಳ್ಳು ಮುಳ್ಳಾದ ಕಪ್ಪು ಹುಳುಗಳು, ಒಂದರ ಮೇಲೊಂದು. ನಮ್ಮವರಿಗೆ ಕಂಬಳಿಹುಳ ಅಂದರೆ ನುಗ್ಗೆಮರ ನೆನಪಾಗುತ್ತದೆ, ನುಗ್ಗೆಮರ ಅಂದರೆ ಹುಳ ಸುಡುವ ಪಂಜು. ಇವು ತನ್ನ ಮಿಲ್ಕ್‌ವೀಡಿಗೆ ಹತ್ತಿದರೆ ಗತಿಯೇನು ಅಂತ ಅನಸೂಯಾ ಹೆದರಿದಳು. ಏನದು ಅಂತ ಅದಿತಿ ಓಡಿ ಬಂದಾಗ, ಅಸಹ್ಯದ ಹುಳ, ಮುಟ್ಟಬೇಡ ಅಂತ ಒಳಗೆ ಕಳಿಸಿದಳು. ಕೆಟಲ್ಲಿನಲ್ಲಿ ನೀರು ಕುದಿಸಿ ತಂದು ಸುರಿದಳು. ಕೈಗವಸು ಹಾಕಿಕೊಂಡು ತುರಚೆಯನ್ನೆಲ್ಲ ಬುಡದವರೆಗೆ ಕತ್ತರಿಸಿ ಹಸಿ ಕಸದ ಕಂದು ಬಿನ್ನಿಗೆ ತುಂಬಿದಳು. ಭಾಸ್ಕರ ಕಿಟಕಿಯಿಂದಲೇ ಶಭಾಷ್ ಅಂದ. ಅವನಿಗಂತೂ ಹುಲ್ಲು ಬಿಲಿಯರ್ಡ್ಸ್ ಟೇಬಲ್ಲಿನ ಹಾಗಿದ್ದರೇನೇ ಸಮಾಧಾನ.

ಆ ಶನಿವಾರ ಗಗನಾ ತಿಂಡಿಗೆ ಬಂದಳು. ಗಗನಾ ಚಿತ್ರದುರ್ಗದ ಹುಡುಗಿ. ಅತ್ಲೋನ್‌ನಲ್ಲೇ ಮಾಸ್ಟರ್ಸ್ ಮುಗಿಸಿ, ಈಗ ದಿನಾ ರೈಲಿನಲ್ಲಿ ಗಾಲ್ವೇಗೆ ಹೋಗಿ ಅಲ್ಲಿಯ ಪಾರ್ಕ್‌ಮೋರ್ ಕೈಗಾರಿಕಾ ಬಡಾವಣೆಯ ಕಂಪನಿಯೊಂದರಲ್ಲಿ ದುಡಿಯುತ್ತಾಳೆ, ಮೂರು ಮನೆಯಾಚೆ ರೂಮು. ಅವಳಿಗೊಂದು ಅಭ್ಯಾಸ. ಬೇಸಿಗೆಯಲ್ಲಿ ಪ್ರತಿ ಶನಿವಾರ ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿರುವ ಸೈಕಲ್ ದಾರಿಯಲ್ಲಿ ಒಂದು ಗಂಟೆ ನಡೆದು, ಕಂಡ ಚಿಟ್ಟೆಗಳನ್ನೆಲ್ಲ ಎಣಿಸಿ ಬರೆದು ಕಳಿಸುತ್ತಾಳೆ. ಹೀಗೆ ಎಣಿಸುವವರು ದೇಶದ ತುಂಬ ಇದ್ದಾರೆ. ಭಾಸ್ಕರ ಅವಳನ್ನು ಚಿಟ್ಟೆ ಶಾನುಭೋಗರು ಅಂತ ರೇಗಿಸುತ್ತಿದ್ದ.

ಅವಲಕ್ಕಿ ತಿಂದಾದ ಮೇಲೆ ಅನಸೂಯಾ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಆರು ಕುಂಡ ತೋರಿಸಿದಳು. ಮೊನಾರ್ಕ್ ಯಾವಾಗ ಬರತ್ತೆ ಅಂತ ಕೇಳಿದಳು. ಗಗನಾ ಕುಂಡ ನೋಡಿದಳು, ಅದರ ಹಿಂದಿನ ಬೋಳು ನೆಲ ನೋಡಿದಳು, ಅಲ್ಲೇನಿತ್ತು ಅಂತ ವಿಚಾರಿಸಿದಳು. ಅನಸೂಯಾ ಹೆಮ್ಮೆಯಿಂದಲೇ ಹೇಳಿದಳು. ಗಗನಾ ಹೋಗಿ ಕಂದು ಬಿನ್ನಿನ ಮುಚ್ಚಳ ತೆಗೆದಳು. ಬಾಡಿದ ಕಾಂಡಗಳ ನಡುವೆ ಹುಳುಗಳು ಸುರುಟಿಕೊಂಡು ಬಿದ್ದಿದ್ದವು. ಅವಳು ಮುಚ್ಚಳ ಮೆಲ್ಲಗೆ ಮುಚ್ಚಿದಳು.

"ಅಕ್ಕ, ಮೊನಾರ್ಕ್ ಈ ದೇಶದ್ದಲ್ಲ," ಅಂದಳು. "ಎಲ್ಲೋ ಅಪರೂಪಕ್ಕೆ ಒಂದೆರಡು ಗಾಳಿಗೆ ಸಿಕ್ಕಿ ಅಟ್ಲಾಂಟಿಕ್ ದಾಟಿ ದಾರಿತಪ್ಪಿ ಬರ್ತವೆ. ಇಲ್ಲಿ ಮರಿ ಮಾಡಲ್ಲ. ನೀವು ಎಷ್ಟೇ ಕಾದ್ರೂ ಅದು ಬರಲ್ಲ."

"ಹಾಗಾದ್ರೆ ಇಲ್ಲಿ ಕೇಸರಿ ಚಿಟ್ಟೆನೇ ಇಲ್ವಾ?"

"ಐತೆ ಅಕ್ಕ. ಕೇಸರಿ ಮೈ, ಕಪ್ಪು ಮಚ್ಚೆ, ರೆಕ್ಕೆ ಅಂಚಲ್ಲಿ ನೀಲಿ ಚುಕ್ಕಿ. ಟಾರ್ಟಾಯ್ಸ್‌ಶೆಲ್ ಅಂತಾರೆ. ಅದರ ಮರಿ ತಿನ್ನೋದು ನೆಟಲ್ ಎಲೆ ಒಂದೇ. ನೀವು ಬಿಸಿನೀರು ಹಾಕಿದ್ದು ಆ ಮರಿಗಳಿಗೇ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅಂತ ನಾವು ಬೇರೆಯವರನ್ನು ನೋಡಿ ನಗುತ್ತೇವೆ. ಅನಸೂಯಾ ಅಲೆದದ್ದು ಮಾತ್ರವಲ್ಲ, ಬೆಣ್ಣೆಯನ್ನು ಕೈಯಾರೆ ಬೆಂಕಿಗೆ ಹಾಕಿದ್ದಳು. ಎರಡು ವರ್ಷದಿಂದ ಕಾದದ್ದು ಮನೆಗೇ ಬಂದಿತ್ತು, ಮಗಳು ತಾನಾಗಿಯೇ ನೋಡಲು ಓಡಿ ಬಂದಿದ್ದಳು, ಅವಳನ್ನು ಒಳಗೆ ಕಳಿಸಿದ್ದು ತಾನೇ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಗಗನಾ ಬಿಟ್ಟು ಹೋಗಲಿಲ್ಲ. ಟೀ ಅವಳೇ ಮಾಡಿದಳು. ಮೇಜಿನ ಮುಂದೆ ಮೂವರನ್ನೂ ಕೂರಿಸಿಕೊಂಡು ಸರಳವಾಗಿ ತಿಳಿಸಿದಳು. ಬೆಳೆದ ಚಿಟ್ಟೆ ಯಾವ ಹೂವಿನ ಜೇನಾದರೂ ಕುಡಿದು ಬದುಕುತ್ತದೆ. ಮರಿ ಹಾಗಲ್ಲ. ಒಂದೊಂದು ಜಾತಿಯ ಮರಿಗೂ ತನ್ನದೇ ಎಲೆ ಬೇಕು, ಅದು ಇಲ್ಲದಿದ್ದರೆ ಉಪವಾಸ ಸಾಯುತ್ತದೆ. ಈ ಮಣ್ಣಿನ ಚಿಟ್ಟೆಗೆ ಈ ಮಣ್ಣಿನ ಗಿಡವೇ ಆಗಬೇಕು. ಹೊರದೇಶದ ಬೀಜ ತರಿಸುವುದು ದಂಡ, ಅದರ ಜೊತೆ ರೋಗ ಬಂದರೆ ಇಲ್ಲಿಯ ಗಿಡಗಳಿಗೂ ಅಪಾಯ. ಜುಲೈನಲ್ಲಿ ಇದೇ ಚಿಟ್ಟೆ ಇನ್ನೊಂದು ಸಲ ಮೊಟ್ಟೆ ಇಡುತ್ತದೆ, ಅದಕ್ಕೆ ಎಳೆಯ ಚಿಗುರೇ ಇಷ್ಟ. ಬುಡ ಉಳಿದಿದೆ, ಬಿಟ್ಟರೆ ತಿಂಗಳೊಳಗೆ ಚಿಗುರುತ್ತದೆ.

ಭಾಸ್ಕರ ಒಪ್ಪಲಿಲ್ಲ. ಡಾಕ್ಟರಲ್ಲವೇ, ಅವನಿಗೆ ಮೊದಲು ಕಂಡದ್ದು ದದ್ದು.

"ಮಗು ಮೈಗೆ ತಾಗಿದ್ರೆ? ಅಲ್ದೆ ಇದು ಸಾಲುಮನೆಗಳ ಎಸ್ಟೇಟು ಕಣಮ್ಮ. ಅಕ್ಕಪಕ್ಕದವರು, ಇಂಡಿಯನ್ಸ್ ಬಂದು ಹಿತ್ತಲು ಕಾಡು ಮಾಡಿದ್ರು ಅಂತಾರೆ."

ಗಗನಾ ಅದಕ್ಕೂ ದಾರಿ ತೋರಿಸಿದಳು. ಹಿತ್ತಲೆಲ್ಲ ಬಿಡಬೇಕಾಗಿಲ್ಲ, ಷೆಡ್ಡಿನ ಹಿಂದೆ ಒಂದು ಮಂಚದಗಲ ಸಾಕು. ಓಡಾಡುವ ದಾರಿಯಿಂದ ದೂರವಿರಲಿ, ಬಿಸಿಲು ಬೀಳಲಿ. ಬೇರು ಹಬ್ಬದಂತೆ ಸುತ್ತ ಇಟ್ಟಿಗೆ ಸಾಲು ಹಾಕಿ, ಬೀಜವಾಗುವ ಮೊದಲು ತುದಿ ಕತ್ತರಿಸಿದರೆ ಹರಡುವುದಿಲ್ಲ. ಮಣ್ಣೇ ಇಲ್ಲದವರು ದೊಡ್ಡ ಬಕೆಟ್ಟಿನಲ್ಲೂ ಬೆಳೆಸಬಹುದು. ಕತ್ತರಿಸುವ ಮೊದಲು ಹುಳು, ಮೊಟ್ಟೆ ಇದೆಯೇ ಅಂತ ನೋಡಬೇಕು. ಔಷಧಿ ಮಾತ್ರ ಹೊಡೆಯಕೂಡದು. ಭಾಸ್ಕರ ಮೂಗು ಮುರಿದ. ಈ ಬೇಸಿಗೆ ಒಂದೇ ಅಂತ ಷರತ್ತು ಹಾಕಿ ಇಟ್ಟಿಗೆ ಜೋಡಿಸಿದ.

ತುರಚೆ ಚಿಗುರಿತು. ಅದು ಬಂದೇ ಬರುತ್ತದೆ, ಅದಕ್ಕೆ ಯಾರ ಉಪಚಾರವೂ ಬೇಡ. ಜುಲೈ ಎರಡನೆಯ ವಾರ ಎಲೆಯೊಂದರ ಅಡಿಯಲ್ಲಿ ಗಸಗಸೆಯಷ್ಟು ಚಿಕ್ಕ ಹಸಿರು ಮೊಟ್ಟೆಗಳ ಗುಡ್ಡೆ ಕಂಡಿತು. ಅನಸೂಯಾ ಸಂಭ್ರಮದಲ್ಲಿ ಬರಿಗೈಯಲ್ಲೇ ಎಲೆ ಹಿಡಿದು, ಕೈ ಉರಿಸಿಕೊಂಡಳು. ಅದಿತಿ ಓಡಿ ಹೋಗಿ ಬೇಲಿಯ ಬದಿಯಿಂದ ಡಾಕ್ ಅನ್ನುವ ಕಳೆಗಿಡದ ಅಗಲವಾದ ಎಲೆಯೊಂದನ್ನು ಕಿತ್ತು ತಂದು, ಅಮ್ಮನ ಅಂಗೈಗೆ ಉಜ್ಜಿದಳು. ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತು ಇದು ಅಂದಳು. ಉರಿ ಅದರಿಂದಲೇ ಇಳಿಯಿತೋ, ಮಗಳು ಉಜ್ಜಿದ್ದರಿಂದ ಇಳಿಯಿತೋ, ಅನಸೂಯಾ ಆ ದಿನವೆಲ್ಲ ಕೈ ನೋಡಿಕೊಂಡೇ ಇದ್ದಳು.

ಭಾಸ್ಕರ ಹೆದರಿದ್ದ ಅಕ್ಕಪಕ್ಕದವರು ಅಂದರೆ ನೊರೀನ್, ಪಕ್ಕದ ಮನೆಯ ಎಪ್ಪತ್ತೈದರ ಅಜ್ಜಿ. ಒಂದು ಸಂಜೆ ಅವರು ಬೇಲಿಯ ಮೇಲಿಂದ ಇಣುಕಿದರು. ಅವರು ಬಾಯಿ ತೆರೆಯುವ ಮೊದಲೇ ಭಾಸ್ಕರ ಕ್ಷಮೆ ಕೇಳಿಬಿಟ್ಟ. ನೊರೀನ್ ಮೊಟ್ಟೆಯೊಡೆದು ಬಂದಿದ್ದ ಹುಳುಗಳನ್ನು ನೋಡಿದರು. ತಾನು ಹುಟ್ಟಿದ ಮನೆಯಲ್ಲಿ ಕೊಟ್ಟಿಗೆಯ ಹಿಂದೆ ಇದರ ಕಾಡೇ ಇತ್ತು, ಚಳಿಗಾಲಕ್ಕೆ ಚಿಟ್ಟೆಗಳು ಮನೆಯೊಳಗೆ ಬಂದು ಪರದೆಯ ಮಡಿಕೆಯಲ್ಲಿ ಮಲಗುತ್ತಿದ್ದವು, ಪರದೆ ಎಳೆಯುವಾಗ ಮೆಲ್ಲಗೆ ಎಳೆಯಿರಿ ಅಂತ ಅಮ್ಮ ಗದರುತ್ತಿದ್ದಳು ಅಂದರು. ತನ್ನ ಕಿಟಕಿಯಲ್ಲಿ ಒಂದನ್ನು ಕಂಡು ಎಷ್ಟೋ ವರ್ಷವಾಯಿತು ಅಂತಲೂ ಅಂದರು. ಹಂಬಲ ದೇಶ ಬಿಟ್ಟು ಬಂದವರಿಗೆ ಮಾತ್ರ ಅಂತ ಅನಸೂಯಾ ತಿಳಿದಿದ್ದಳು. ಹುಟ್ಟಿದ ಊರಿನ ಪಕ್ಕದಲ್ಲೇ ಬಾಳಿದ ನೊರೀನ್‌ಗೂ ಅದೇ ಸಂಕಟವಿತ್ತು.

"ನೊರೀನ್ ಗ್ರ್ಯಾಂಡ್ ಅಂದ್ರು ಕಣೆ, ಪರವಾಗಿಲ್ವಂತೆ," ಅಂತ ಭಾಸ್ಕರ ಒಳಗೆ ಬಂದು ಹೇಳಿದ. ಅವನ ಅರ್ಧ ಭಾರ ಇಳಿದಿತ್ತು.

ಆಗಸ್ಟ್ ನಡುವಿನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಹುಳುಗಳೇ ಇಲ್ಲ. ಎಲೆ ಬರೀ ನರ. ಅನಸೂಯಾ ಗಗನಾಳಿಗೆ ಫೋನ್ ಮಾಡಿದರೆ, ಅವು ಗೂಡು ಕಟ್ಟುವ ಹೊತ್ತಿಗೆ ಗಿಡ ಬಿಟ್ಟು ಇಳಿದು ಎಲ್ಲೆಲ್ಲೋ ಹೋಗುತ್ತವೆ, ಗೋಡೆ, ಕಿಟಕಿ ಅಂಚು, ಎಲ್ಲ ಹುಡುಕಿ ಅಂದಳು. ತಾಯಿ ಮಗಳು ಎರಡು ದಿನ ಹುಡುಕಿದರು. ಸಿಕ್ಕಿದ್ದು ಭಾಸ್ಕರನಿಗೆ. ಮಂಗಳವಾರ ಸಂಜೆ, ಮರುದಿನದ ಕಸದ ಲಾರಿಗೆ ಕಪ್ಪು ಬಿನ್ ತಳ್ಳಲು ಹೋದವನು ಹಿಡಿಯ ಕೆಳಗೆ ಕೈ ಹಾಕಿ ಹಾಗೇ ನಿಂತುಬಿಟ್ಟ. ಬೆರಳಿಗೆ ಅರ್ಧ ಅಂಗುಲ ದೂರದಲ್ಲಿ ಒಂದು ಗೂಡು, ತಲೆಕೆಳಗಾಗಿ, ಹೊಂಬಣ್ಣದ ಚುಕ್ಕಿಗಳ ಜೊತೆ ನೇತಾಡುತ್ತಿತ್ತು.

ಅವನು ಹೆಂಡತಿಯನ್ನು ಕೂಗಲಿಲ್ಲ, ಮಗಳನ್ನು ಕೂಗಿದ. ಆಮೇಲೆ ಹೇಳಿದ, "ಈ ವಾರ ಬಿನ್ ಆಚೆ ಇಡಲ್ಲ."

ಹದಿನೈದು ದಿನಕ್ಕೊಮ್ಮೆ ಬರುವ ಲಾರಿ ಎರಡು ಸಲ ಬಂದು ಹೋಯಿತು. ಬಿನ್ ಅಲುಗಲಿಲ್ಲ. ಡಾಕ್ಟರ್ ಭಾಸ್ಕರ ಕಸದ ಚೀಲ ಹಿಡಿದು ಪಕ್ಕದ ಮನೆ ಬಾಗಿಲು ತಟ್ಟಿ, ನಿಮ್ಮ ಬಿನ್ನಿನಲ್ಲಿ ಸ್ವಲ್ಪ ಜಾಗ ಇದೆಯಾ ಅಂತ ನೊರೀನ್‌ರನ್ನು ಕೇಳುವುದನ್ನು ಇಡೀ ಬೀದಿ ನೋಡಿತು. ಹಿತ್ತಲು ಕಾಡಾದರೆ ಜನ ಏನಂತಾರೋ ಅಂತ ಹೆದರಿದ್ದ ಮನುಷ್ಯ ಇವನೇ.

ಸೆಪ್ಟೆಂಬರ್ ಮೊದಲ ವಾರ ಗೂಡಿನ ಬಣ್ಣ ಗಾಢವಾಯಿತು. ಶುಕ್ರವಾರ ಅನಸೂಯಾ ಸಂಜೆಯೆಲ್ಲ ಬಿನ್ನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಆಗಲಿಲ್ಲ. ಶನಿವಾರ ಬೆಳಿಗ್ಗೆ ಫಾರ್ಮಸಿಗೆ ಹೋಗಲೇಬೇಕಿತ್ತು, ಜೊತೆಯ ಹುಡುಗಿ ರಜೆ. ಹೋಗುವ ಮುಂಚೆ ಮೂರು ಸಲ ಹಿತ್ತಲಿಗೆ ಹೋಗಿ ಬಂದಳು. ಕೌಂಟರಿನಲ್ಲಿ ನಿಂತು ಔಷಧಿ ಕೊಡುವಾಗಲೂ ಜೀವವೆಲ್ಲ ಮನೆಯಲ್ಲೇ. ಎರಡು ಗಂಟೆಗೆ ಓಡಿ ಬಂದಾಗ ಹಿಡಿಯ ಕೆಳಗೆ ತೆಳ್ಳನೆಯ ಸಿಪ್ಪೆ ಮಾತ್ರ ಇತ್ತು. ಚಿಟ್ಟೆ ಹನ್ನೊಂದೂಕಾಲಿಗೆ ಹೊರಗೆ ಬಂದು, ರೆಕ್ಕೆ ಒಣಗಿಸಿಕೊಂಡು, ಒಂದು ಗಂಟೆಗೆ ಹಾರಿಹೋಗಿತ್ತು. ಭಾಸ್ಕರ ವಿಡಿಯೋ ತೆಗೆದಿದ್ದ. ಅದರ ತುಂಬ ಅವನ ಹೆಬ್ಬೆರಳು.

ಎರಡು ವರ್ಷ ಕಾದವಳಿಗೆ ಏನಾಗಿರಬೇಡ ಹೇಳಿ. ಅನಸೂಯಾ ಸಿಪ್ಪೆಯ ಮುಂದೆ ಕೂತಳು. ಆಗ ಅದಿತಿ ಬಂದು ಪಕ್ಕದಲ್ಲಿ ಕೂತಳು. ಅವಳು ಅವತ್ತು ಕಮೋಗಿಗೆ ಹೋಗಿರಲಿಲ್ಲ. ಗೆಳತಿ ಬೆಲ್ ಒತ್ತಿದರೆ, ಇವತ್ತು ಆಗಲ್ಲ ಅಂತ ಕಳಿಸಿದ್ದಳಂತೆ. ಈಗ ಒಂದೇ ಉಸಿರಿಗೆ ಶುರು ಮಾಡಿದಳು. ಮೊದಲು ಗೂಡು ಅಲುಗಿದ್ದು, ಆಮೇಲೆ ಸೀಳಿದ್ದು, ಕಾಲು ಬಂದದ್ದು, ರೆಕ್ಕೆ ಒದ್ದೆ ಟಿಶ್ಯೂ ಪೇಪರಿನ ಹಾಗೆ ಮುದುರಿಕೊಂಡಿದ್ದದ್ದು. ಅಮ್ಮನ ಎರಡು ಕೈಗಳನ್ನೂ ಹಿಡಿದು, ಬೆರಳು ಮಡಿಚಿ, ರೆಕ್ಕೆ ಹೇಗೆ ಬಿಚ್ಚಿತು ಅಂತ ಒಂದೊಂದೇ ಬೆರಳು ಬಿಡಿಸಿ ತೋರಿಸಿದಳು. ಅಮ್ಮನಿಗೆ ಸರಿಯಾಗಿ ಅರ್ಥವಾಗಲಿಲ್ಲವೇನೋ ಅಂತ ಮತ್ತೆ ಮೊದಲಿನಿಂದ ಹೇಳಿದಳು. ಮಗಳು ಇಷ್ಟು ಹೊತ್ತು ತನ್ನ ಪಕ್ಕದಲ್ಲಿ ಕೂತು ಮಾತಾಡಿ ಎಷ್ಟು ದಿನವಾಗಿತ್ತು ಅಂತ ಅನಸೂಯಾಗೆ ಲೆಕ್ಕ ಸಿಗಲಿಲ್ಲ.

"ನೆಕ್ಸ್ಟ್ ಇಯರ್ ಯೂ'ರ್ ನಾಟ್ ಗೋಯಿಂಗ್ ಟು ವರ್ಕ್, ಅಮ್ಮ," ಅಂದಳು ಅದಿತಿ. "ಐ'ಲ್ ಶೋ ಯೂ."

ಅನಸೂಯಾ ಆಗಲಿ ಅಂದಳು. ತೋರಿಸಬೇಕು ಅಂತ ಹಂಬಲಿಸಿದವಳಿಗೆ ಈಗ ಮಗಳ ಕೈಯಿಂದ ನೋಡುವ ಹಂಬಲ. ಅದು ಮೊದಲಿನದಕ್ಕಿಂತ ಹಗುರವಾಗಿತ್ತು. ಭಾಸ್ಕರ ಯಾರೂ ಹೇಳದೆ ಹೋಗಿ ಇಟ್ಟಿಗೆ ಸಾಲನ್ನು ಒಂದು ಅಡಿ ಹೊರಕ್ಕೆ ಸರಿಸಿ, ತುರಚೆಗೆ ಇನ್ನಷ್ಟು ಜಾಗ ಬಿಟ್ಟ.

ಇದನ್ನು ಓದಿದ ಅಕ್ಕಂದಿರೇ, ಅಣ್ಣಂದಿರೇ, ಈ ಭಾನುವಾರ ನಿಮ್ಮ ಹಿತ್ತಲಿಗೆ ಒಂದು ಸಲ ಹೋಗಿ ಬನ್ನಿ. ಬಿಸಿಲು ಬೀಳುವ ಒಂದು ಮೂಲೆಯಲ್ಲಿ ನೆಟಲ್ ಇದ್ದರೆ ಹಾಗೇ ಬಿಡಿ, ಬಾಲ್ಕನಿ ಮಾತ್ರ ಇದ್ದರೆ ಒಂದು ಬಕೆಟ್ ಇಡಿ. ಗಿಡ ಕೊಳ್ಳುವುದಾದರೆ ಇದು ಐರ್ಲೆಂಡಿನದೇನಾ ಅಂತ ಅಂಗಡಿಯವರನ್ನು ಕೇಳಿ ಕೊಳ್ಳಿ. ಹುಲ್ಲನ್ನು ಸ್ವಲ್ಪ ತಡವಾಗಿ ಕತ್ತರಿಸಿ, ನಡುವೆ ಬಿಡುವ ಹಳದಿ ಹೂ ಇನ್ನೂ ನಾಲ್ಕು ಜಾತಿಯ ಚಿಟ್ಟೆಗೆ ಊಟವಾಗುತ್ತದೆ. ಹುಳು ಕಂಡರೆ ಕೆಟಲ್ ಹಚ್ಚಬೇಡಿ, ಮಕ್ಕಳನ್ನು ಕರೆಯಿರಿ. ಮತ್ತೆ, ಗೂಡಿನ ಬಣ್ಣ ಗಾಢವಾದ ದಿನ ದಯವಿಟ್ಟು ಕೆಲಸಕ್ಕೆ ರಜೆ ಹಾಕಿ.